ಎಡಪಕ್ಕೆಯ ಗುಳಿ

ಸಂಕ್ರಾಂತಿ ಮುಗಿಯಿತು. ಕಿಚ್ಚು ಹಾಯಿಸಿದ್ದಾಯಿತು, ದನಗಳ ಮೈಗೆ ಬಳಿದ ಅರಿಶಿನ ಇನ್ನೂ ಪೂರ್ತಿ ಹೋಗಿಲ್ಲ. ಇನ್ನು ಶಿವರಾತ್ರಿ ದಾಟುವವರೆಗೂ ಹಳೇ ಮೈಸೂರು ಸೀಮೆಯಲ್ಲಿ ದನದ ಜಾತ್ರೆಯದೇ ಮಾತು. ಮುಡುಕುತೊರೆ, ಸಿದ್ದಗಂಗೆ. ಹಳ್ಳಿಕಾರ್ ಹೋರಿ ಕಟ್ಟಿದವರ ಮನೆಗಳಲ್ಲಿ ಈಗ ಕೊಂಬು ಹೆರೆಯುವುದು, ಮೈ ಉಜ್ಜುವುದು, ಹುರುಳಿ ಬೇಯಿಸುವುದು ಜೋರಾಗಿ ನಡೆದಿದೆ. ಜೋಡಿ ನೋಡಲು ಬರುವವರು ಮೊದಲು ಕೊಂಬಿನ ಬುಡ ಎಷ್ಟು ಒತ್ತಾಗಿದೆ, ಹಿಂದಕ್ಕೆ ಹೋದ ಕೊಂಬು ತುದಿಯಲ್ಲಿ ಮುಂದಕ್ಕೆ ಹೇಗೆ ಬಾಗಿದೆ ಅಂತ ನೋಡುತ್ತಾರೆ. ಸುಳಿ ಹುಡುಕುತ್ತಾರೆ. ತುಟಿ ಎತ್ತಿ ಎರಡು ಹಲ್ಲೋ ನಾಲ್ಕು ಹಲ್ಲೋ ಅಂತ ಎಣಿಸುತ್ತಾರೆ. ಗೊರಸು, ಬಾಲ, ಗಂಗೆದೊಗಲು ಎಲ್ಲ ನೋಡಿ ಮುಗಿದ ಮೇಲೆ ಟವೆಲ್ ಕೆಳಗೆ ಕೈ ಹೋಗುತ್ತದೆ, ಬೆರಳುಗಳಲ್ಲೇ ವ್ಯಾಪಾರ ಕುದುರುತ್ತದೆ. ಹೊಟ್ಟೆಯನ್ನು ನೋಡುವವರು ಮಾತ್ರ ತೀರಾ ಕಡಿಮೆ. ನನಗೆ ಇದು ಬಹಳ ಕಾಲದಿಂದ ಮನಸ್ಸಿಗೆ ಹತ್ತಿದ ವಿಷಯ. ಹೊಲದ ಕೆಲಸಕ್ಕೆ ಸಾಕಲಿ, ಹಾಲಿಗೆ ಸಾಕಲಿ, ಮಾಂಸಕ್ಕೆ ಸಾಕಲಿ, ದನ ಬದುಕುವುದೂ ಕೆಡುವುದೂ ಹೆಚ್ಚಿನ ಪಾಲು ಹೊಟ್ಟೆಯಿಂದಲೇ.

ನಮ್ಮ ಕೊಟ್ಟಿಗೆಯಲ್ಲಿ ದೀಪ ಆರಿಸುವ ಮುಂಚೆ ಒಂದು ಸುತ್ತು ಹಾಕುವ ರೂಢಿ ತಾತನ ಕಾಲದ್ದು. ನಾನು ಹೋಗದ ದಿನ ತಮ್ಮ ಹೋಗುತ್ತಾನೆ, ಅವನೂ ಇಲ್ಲದಿದ್ದರೆ ಅವ್ವ. ಕಣ್ಣಿ ಸರಿಯಾಗಿದೆಯಾ, ಗೂಟ ಅಲ್ಲಾಡುತ್ತಿದೆಯಾ ಅಂತ ನೋಡುವುದು ಒಂದು ಕೆಲಸ. ಇನ್ನೊಂದು, ಪ್ರತಿ ದನದ ಎಡಪಕ್ಕೆಗೆ ಕೈ ಇಡುವುದು. ಕೊನೆಯ ಪಕ್ಕೆಲುಬು ಮುಗಿದು ಸೊಂಟದ ಮೂಳೆ ಶುರುವಾಗುವ ನಡುವೆ ಒಂದು ತಗ್ಗು ಇರುತ್ತದೆ. ಅಲ್ಲಿ ಮುಷ್ಟಿ ಮಾಡಿ ಮೆಲ್ಲಗೆ ಒತ್ತಿ ಹಿಡಿದು ನಿಲ್ಲಬೇಕು, ಅವಸರ ಮಾಡಬಾರದು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಏನೋ ಎದ್ದು ಬಂದು ಮುಷ್ಟಿಯನ್ನು ನಿಧಾನವಾಗಿ ಹೊರಕ್ಕೆ ತಳ್ಳುತ್ತದೆ, ಮತ್ತೆ ಇಳಿಯುತ್ತದೆ. ಎರಡು ನಿಮಿಷದಲ್ಲಿ ಮೂರು ಸಲದಷ್ಟು ಹಾಗೆ ತಳ್ಳಿದರೆ ಹೊಟ್ಟೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಒಂದೇ ಒಂದು ಸಲ ಬಂದರೆ, ಅದೂ ಸಪ್ಪಗೆ ಬಂದರೆ, ಬೆಳಗ್ಗೆವರೆಗೂ ನಿದ್ದೆ ಕೆಡಿಸಿಕೊಳ್ಳಬೇಕಾದ ದನ ಅದು.

ಆ ತಗ್ಗಿನ ಒಳಗಿರುವುದು ಮೆಲುಕು ಚೀಲ. ದನಕ್ಕೆ ನಾಲ್ಕು ಹೊಟ್ಟೆ ಅಂತ ಶಾಲೆಯಲ್ಲಿ ಓದಿದ್ದೇವೆ. ನಾಲ್ಕರಲ್ಲಿ ಮೊದಲನೆಯದು ಎಷ್ಟು ದೊಡ್ಡದು ಅನ್ನುವುದು ಅಲ್ಲಿ ಮನಸ್ಸಿಗೆ ಹೋಗುವುದಿಲ್ಲ. ಬೆಳೆದ ದೊಡ್ಡ ದನದಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ, ಎಡಗಡೆಯ ಹೊಟ್ಟೆ ಪೂರ್ತಿ ಅದರದ್ದೇ. ಅದರೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದಷ್ಟಿವೆ. ಬ್ಯಾಕ್ಟೀರಿಯಾ ಇವೆ, ಪ್ರೊಟೊಜೋವಾ ಇವೆ, ಒಂದು ಬಗೆಯ ಶಿಲೀಂಧ್ರಗಳೂ ಇವೆ. ರಾಗಿ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ದನಕ್ಕೇ ಇಲ್ಲ, ಇರುವುದು ಇವಕ್ಕೆ. ನಾವು ಗೊಂತಿಗೆ ಹಾಕುವ ಹುಲ್ಲು ಮೊದಲು ಇವುಗಳ ಊಟ. ಇವು ತಿಂದು ಬಿಟ್ಟದ್ದನ್ನೂ, ಮುಂದೆ ಹರಿದು ಹೋಗುವ ಇವನ್ನೂ ಜೀರ್ಣಿಸಿಕೊಂಡು ಹೋರಿ ಮೈ ಕಟ್ಟುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾದರೆ ದನ ಸಾಕುವ ರೀತಿಯೇ ಬದಲಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಹುಟ್ಟಿದ ಕರುವಿಗೆ ಈ ಚೀಲ ಇದ್ದೂ ಇಲ್ಲದ ಹಾಗೆ. ಕುಡಿದ ಹಾಲು ಅದನ್ನು ತಪ್ಪಿಸಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಎರಡು ವಾರ ಕಳೆಯುವ ಹೊತ್ತಿಗೆ ಕರು ತಾಯಿಯ ಬಾಯಿಯಿಂದ ಉದುರಿದ ಹುಲ್ಲಿನ ಎಸಳನ್ನು ಕಚ್ಚಿ ಆಡಲು ಶುರು ಮಾಡುತ್ತದೆ, ತಾಯಿಯ ಮೂತಿ ನೆಕ್ಕುತ್ತದೆ. ಆಗ ಅದನ್ನು ಗದರಿಸಿ ಎಳೆದು ಕಟ್ಟುವವರಿದ್ದಾರೆ. ಬಿಡಬೇಕು. ಮುಂದೆ ಅದು ಹೋರಿಯಾಗಿ ಗಾಡಿ ಎಳೆಯುವ ಶಕ್ತಿಯೆಲ್ಲ ಆ ಆಟದಲ್ಲೇ ಮೊಳೆಯುವುದು. ಹಸು ಮೆಲುಕು ಹಾಕುವಾಗ ಕತ್ತಿನ ಎಡಭಾಗ ನೋಡಿ. ತುತ್ತೊಂದು ಕೆಳಗಿನಿಂದ ಮೇಲಕ್ಕೆ ಓಡಿ ಬರುವುದು ಚರ್ಮದಡಿ ಕಾಣುತ್ತದೆ. ಒಂದು ತುತ್ತನ್ನು ನಲವತ್ತರಿಂದ ಅರವತ್ತು ಸಲ ಅಗಿಯುತ್ತದೆ, ಆಮೇಲೆ ನುಂಗಿ ಒಂದು ಗಳಿಗೆ ಸುಮ್ಮನಿದ್ದು ಇನ್ನೊಂದನ್ನು ತರಿಸಿಕೊಳ್ಳುತ್ತದೆ. ಆರೋಗ್ಯವಾಗಿರುವ ದನ ದಿನಕ್ಕೆ ಏಳೆಂಟು ಗಂಟೆ ಈ ಕೆಲಸ ಮಾಡುತ್ತದೆ. ಅಗಿದಷ್ಟೂ ಜೊಲ್ಲು, ಆ ಜೊಲ್ಲಿನಲ್ಲಿ ನಮ್ಮ ಅಡುಗೆ ಸೋಡದ ಜಾತಿಯ ಕ್ಷಾರ. ಹೊಟ್ಟೆಯಲ್ಲಿ ಏಳುವ ಹುಳಿಯನ್ನು ಅದೇ ತಣಿಸುವುದು. ಒಣ ಹುಲ್ಲು ತಿನ್ನುವ ದನದ ಹೊಟ್ಟೆ ಸುಲಭಕ್ಕೆ ಕೆಡದಿರುವುದಕ್ಕೆ ಕಾರಣ ಇದು.

ಹಳ್ಳಿಕಾರ್ ತಳಿಯ ಹಿರಿಮೆಯನ್ನೂ ನಾನು ಇಲ್ಲೇ ಹುಡುಕುತ್ತೇನೆ. ಇದೇ ರಕ್ತದಿಂದ ಕಟ್ಟಿದ ಮಂದೆಯೇ ಅಮೃತ್ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತು, ಸೈನ್ಯದ ಸರಂಜಾಮು ಎಳೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಆ ದನಗಳನ್ನು ಬಿಡದೆ ತಮ್ಮ ಸುಪರ್ದಿಗೆ ತೆಗೆದುಕೊಂಡರು. ಅಜ್ಜಂಪುರ, ಬೀರೂರು ಕಡೆಯ ಕಾವಲುಗಳಲ್ಲಿ ಬೇಸಿಗೆಗೆ ಒಣಗಿ ಬಿಳಿಚಿದ ಹುಲ್ಲನ್ನೇ ಮೇದು ದಿನವಿಡೀ ನಡೆಯುವ ದನಗಳು ಅವು. ಆ ನಡಿಗೆಗೆ ಕಾಲಿನ ಗಟ್ಟಿತನ ಎಷ್ಟು ಬೇಕೋ, ಒಣ ಹುಲ್ಲಿನಿಂದ ಕಸುವು ತೆಗೆಯುವ ಹೊಟ್ಟೆಯೂ ಅಷ್ಟೇ ಬೇಕು. ಇಂಥ ದನವನ್ನು ತಂದು ಕಟ್ಟಿ, ಜಾತ್ರೆಗೆ ಮೈ ಬರಲಿ ಅಂತ ಹಾಲು, ಬೆಣ್ಣೆ, ಮೊಟ್ಟೆ, ಹುರುಳಿ ನುಚ್ಚು ಎಲ್ಲವನ್ನೂ ಒಂದೇ ತಿಂಗಳಲ್ಲಿ ತುರುಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಏಕೆಂದರೆ ಈ ಸೂಕ್ಷ್ಮಜೀವಿಗಳಿಗೆ ದಿಢೀರ್ ಬದಲಾವಣೆ ಆಗಿಬರುವುದಿಲ್ಲ. ಹುಲ್ಲು ಕರಗಿಸುವ ಬಗೆ ಬೇರೆ, ಕಾಳು ಕರಗಿಸುವ ಬಗೆ ಬೇರೆ. ಒಂದರ ಸಂತತಿ ಇಳಿದು ಇನ್ನೊಂದರದು ಏರಲು ಎರಡು ಮೂರು ವಾರ ಬೇಕು. ಮಾಂಸಕ್ಕಾಗಿ ದನ ಸಾಕುವ ಅಮೆರಿಕದಲ್ಲಿ, ಹುಲ್ಲುಗಾವಲಿನಿಂದ ಬಂದ ಹೋರಿಗಳಿಗೆ ಮೆಕ್ಕೆಜೋಳದ ಮೇವು ಅಭ್ಯಾಸ ಮಾಡಿಸುವಾಗ ದನ ಕೊಬ್ಬಿಸುವ ಫೀಡ್‌ಲಾಟ್‌ನವರು ಸುಮಾರು ಮೂರು ವಾರ ತೆಗೆದುಕೊಳ್ಳುತ್ತಾರೆ, ಕಾಳಿನ ಪಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ದಿನದ ತೂಕ, ದಿನದ ಲಾಭ ಲೆಕ್ಕ ಹಾಕುವ ದೊಡ್ಡ ವ್ಯಾಪಾರಿಗಳೇ ಅಲ್ಲಿ ಅವಸರ ಮಾಡುವುದಿಲ್ಲ. ಅವಸರ ಮಾಡಿದರೆ ಹೋರಿ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತು.

ನಮ್ಮಲ್ಲಿ ಅವಸರಕ್ಕಿಂತ ಹೆಚ್ಚು ದನ ಕೊಲ್ಲುವುದು ಪ್ರೀತಿ. ಮದುವೆ ಮನೆಯಲ್ಲಿ ಮಿಕ್ಕ ಅನ್ನ, ಹಬ್ಬದ ಸಿಹಿ ಪೊಂಗಲ್, ದೇವಸ್ಥಾನದ ಅನ್ನಸಂತರ್ಪಣೆಯ ಡಬರಿಯ ತಳ. ಎಸೆಯಲು ಮನಸ್ಸು ಬರುವುದಿಲ್ಲ, ದನಕ್ಕೆ ಹಾಕಿದರೆ ಪುಣ್ಯ. ಒಂದು ಹಿಡಿ ಪೊಂಗಲ್ ಬಾಳೆಲೆಯಲ್ಲಿಟ್ಟು ತಿನ್ನಿಸಿದರೆ ಏನೂ ಆಗುವುದಿಲ್ಲ. ಕೇರಿಯ ಹತ್ತು ಮನೆಯವರೂ ಒಂದೊಂದು ಪಾತ್ರೆ ತಂದು ಒಂದೇ ಬಸವನ ಮುಂದೆ ಸುರಿದರೆ ಆಗುತ್ತದೆ.

ನಮ್ಮ ಬೆಳ್ಳನಿಗೆ ಆದದ್ದೂ ಅದೇ. ಬೆಳ್ಳ ಮತ್ತು ರಾಮ ಒಂದೇ ನೊಗಕ್ಕೆ ಹೊಂದಿಸಿದ ಜೋಡಿ, ಬೆಳ್ಳ ಎಡಕ್ಕೆ. ಬೀದಿಯಲ್ಲಿ ಮದುವೆ, ಮನೆಮಂದಿಯೆಲ್ಲ ಚಪ್ಪರದಲ್ಲಿ. ಊಟದ ಪಂಕ್ತಿ ಎದ್ದ ಮೇಲೆ ಮದುವೆ ಮನೆಯ ಹಿರಿಯ ಹೆಂಗಸೊಬ್ಬರು ಮಿಕ್ಕ ಅನ್ನವನ್ನು ಹೊರಿಸಿಕೊಂಡು ಬಂದು ನಮ್ಮ ಕಲಗಚ್ಚಿನ ಬಾನಿಗೆ ಸುರಿಸಿ ಹೋಗಿದ್ದಾರೆ. ಬಾನಿಗೆ ಹತ್ತಿರ ಕಟ್ಟಿದ್ದವನು ಬೆಳ್ಳ. ಮರುದಿನ ಆ ಅಜ್ಜಿ ಅವ್ವನ ಕೈ ಹಿಡಿದುಕೊಂಡು, "ಬಾಯಿಲ್ಲದ ಜೀವ, ತಿನ್ಲಿ ಅಂತ ಹಾಕ್ಸ್ದೆ ಕಣವ್ವ" ಅಂತ ಅತ್ತರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಅನ್ನ ದನಕ್ಕೆ ವಿಷವಾಗಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಕೋಳಿ ಕೂಗುವ ಮುಂಚೆ ಕೊಟ್ಟಿಗೆಗೆ ಹೋದ ಅವ್ವ ನಮ್ಮನ್ನು ಎಬ್ಬಿಸಿದಳು. ಬೆಳ್ಳ ಮಲಗಿದ್ದ, ಕರೆದರೆ ಕಿವಿ ಅಲ್ಲಾಡಿಸಲಿಲ್ಲ. ಕಿವಿ ಮುಟ್ಟಿದರೆ ತಣ್ಣಗೆ. ಮೂತಿಯ ಮೇಲೆ ಸದಾ ಇರುವ ಬೆವರ ಹನಿ ಆರಿತ್ತು. ಹಲ್ಲು ಕಡಿಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಎಡಪಕ್ಕೆಯ ಗುಳಿ ತುಂಬಿಕೊಂಡಿತ್ತು, ಬೆರಳಿನಿಂದ ಒತ್ತಿದರೆ ಒತ್ತಿದ ಗುರುತು ಹಾಗೇ ನಿಂತಿತು. ಮುಷ್ಟಿ ಇಟ್ಟು ಕಾದೆ. ಒಳಗಿನಿಂದ ಏನೂ ಎದ್ದು ಬರಲಿಲ್ಲ. ಹಿಂದೆ ನೀರಿನಂಥ ಸಗಣಿ, ಅದರಲ್ಲಿ ಅಗುಳು ಅಗುಳಾಗಿಯೇ ಉಳಿದ ಅನ್ನ, ಮೂಗಿಗೆ ಅಡರುವ ಹುಳಿ ವಾಸನೆ.

ಒಳಗೆ ಆಗಿದ್ದು ಇಷ್ಟು. ಅನ್ನದ ಪಿಷ್ಟ ಸಿಕ್ಕಿದ ಕೂಡಲೇ ಒಂದು ಜಾತಿಯ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲ ಹೊರಹಾಕುತ್ತದೆ. ಆ ಹುಳಿಗೆ ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ, ಚೀಲದ ಅಲುಗಾಟ ನಿಲ್ಲುತ್ತದೆ, ಮೈಯಲ್ಲಿದ್ದ ನೀರನ್ನೆಲ್ಲ ಹೊಟ್ಟೆ ಎಳೆದುಕೊಳ್ಳುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ದನ ನೀರಿಲ್ಲದೆ ಸಾಯುವ ರೋಗ ಇದು. ಕಣ್ಣು ಒಳಕ್ಕೆ ಸೇರುವುದು ಅದಕ್ಕೇ. ಇಂಥ ಹೊತ್ತಲ್ಲಿ ಓಮ, ಬೆಲ್ಲ, ಮಜ್ಜಿಗೆ ಅಂತ ಮನೆಮದ್ದಿಗೆ ಕೂತರೆ ಕೆಟ್ಟಿತು. ಬೆಲ್ಲವೂ ಮಜ್ಜಿಗೆಯೂ ಇರುವ ಹುಳಿಗೆ ಇನ್ನಷ್ಟು ಹುಳಿ ಸೇರಿಸುತ್ತವೆ.

ದನದ ಡಾಕ್ಟ್ರು ಬೆಳಕು ಹರಿಯುವ ಹೊತ್ತಿಗೆ ಬಂದರು. ಕೊರಳಿನ ರಕ್ತನಾಳಕ್ಕೆ ಡ್ರಿಪ್ ಹಾಕಿ, ಬಾಯಿಂದ ಹೊಟ್ಟೆಗೆ ಉದ್ದದ ಕೊಳವೆ ಇಳಿಸಿ, ಒಳಗಿದ್ದದ್ದನ್ನು ಆದಷ್ಟು ಹೊರಗೆ ಬಸಿದು, ಸೋಡ ನೀರು ಹೊಯ್ದರು. ನೊರೆನೊರೆಯಾದ ಬೂದು ನೀರು ಬಕೆಟ್ಟಿಗೆ ಬಿತ್ತು. ಸಂಜೆಗೆ ಬೆಳ್ಳ ಎದ್ದು ನಿಂತ, ಹುಲ್ಲು ಮಾತ್ರ ಮೂಸಿ ಬಿಟ್ಟ. ಮಾರನೆಯ ದಿನ ಡಾಕ್ಟ್ರು ಮಾಡಿದ ಕೆಲಸವನ್ನು ನಾನು ಅಲ್ಲಿಯವರೆಗೆ ಕೇಳಿದ್ದೆ, ಕಂಡಿರಲಿಲ್ಲ. ಪಕ್ಕದಲ್ಲಿ ಚೆನ್ನಾಗಿದ್ದ ರಾಮನ ಬಾಯಿಗೆ ಕಟ್ಟಿಗೆಯ ಅಡ್ಡ ಕೊಟ್ಟು ಅದೇ ಕೊಳವೆ ಇಳಿಸಿದರು. ಅವನ ಹೊಟ್ಟೆಯ ರಸ ಹಸಿರು ಕಂದು ಬಣ್ಣಕ್ಕೆ, ಬಿಸಿಬಿಸಿಯಾಗಿ, ನೆನೆದ ಹುಲ್ಲಿನ ವಾಸನೆಯೊಂದಿಗೆ ಬಂತು. ತಮ್ಮ ಅದನ್ನು ತೆಳು ಪಂಚೆಯಲ್ಲಿ ಸೋಸಿ ಕೊಟ್ಟ. ಆರಲು ಬಿಡದೆ ಬೆಳ್ಳನ ಹೊಟ್ಟೆಗೆ ಹೊಯ್ದರು. ಸತ್ತು ಹೋದ ಜೀವಿಗಳ ಜಾಗಕ್ಕೆ ಜೊತೆಗಾರನ ಹೊಟ್ಟೆಯಿಂದ ಬೀಜ ಬಿತ್ತಿದ್ದು ಅದು. ಆಮೇಲೆ ಬರೀ ಒಣ ರಾಗಿ ಹುಲ್ಲು, ಸ್ವಲ್ಪ ಸ್ವಲ್ಪವೇ ನೀರು. ಒಂದು ಮಧ್ಯಾಹ್ನ ಅವ್ವ ಕೊಟ್ಟಿಗೆಯಿಂದಲೇ ಕೂಗಿದಳು, "ಬಾರ್ಲಾ, ಮೆಲುಕ್ ಆಡುಸ್ತಾವ್ನೆ!" ಬೆಳ್ಳ ಉಳಿದ. ಆದರೆ ಹುಳಿಯ ಪೆಟ್ಟು ಗೊರಸಿನವರೆಗೂ ಇಳಿಯುತ್ತದೆ. ಒಳಗೆ ಊತ ಬಂದು ಕಾಲು ಊರಲು ಆಗದೆ ಆ ಬೇಸಾಯದ ಕಾಲವೆಲ್ಲ ಅವನನ್ನು ನೊಗಕ್ಕೆ ಹೂಡಲಿಲ್ಲ.

ಹೊಟ್ಟೆ ಉಬ್ಬರ ಇದಕ್ಕಿಂತ ಬೇರೆ, ಇದಕ್ಕಿಂತ ಚುರುಕು. ಮೆಲುಕು ಚೀಲದಲ್ಲಿ ಗಾಳಿ ಸದಾ ಹುಟ್ಟುತ್ತಲೇ ಇರುತ್ತದೆ, ದನ ತೇಗಿ ತೇಗಿ ಹೊರಹಾಕುತ್ತದೆ. ಬೆಳಗಿನ ಇಬ್ಬನಿಯಲ್ಲಿ ನೆನೆದ ಎಳೆ ಕುದುರೆಮಸಾಲೆ ಸೊಪ್ಪನ್ನೋ ಅಲಸಂದೆಯನ್ನೋ ಹಸಿದ ದನ ಗಬಗಬನೆ ತಿಂದರೆ ಗಾಳಿಯೆಲ್ಲ ನೊರೆಯಾಗಿ ಸಿಕ್ಕಿಕೊಳ್ಳುತ್ತದೆ, ತೇಗು ಬರುವುದಿಲ್ಲ. ಎಡಪಕ್ಕೆ ಬೆನ್ನಿನ ಮಟ್ಟ ಮೀರಿ ಏಳುತ್ತದೆ, ತಟ್ಟಿದರೆ ಟಮ್ ಅನ್ನುತ್ತದೆ. ಒಂದೆರಡು ಗಂಟೆಯಲ್ಲೇ ಪ್ರಾಣ ಹೋಗಬಹುದು. ಪಶು ಸಹಾಯವಾಣಿ 1962ಕ್ಕೆ ಫೋನು ಮಾಡಿ, ಡಾಕ್ಟ್ರು ಬರುವವರೆಗೆ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಬೇಕು. ಅಡುಗೆ ಎಣ್ಣೆ ಕುಡಿಸಿದರೆ ನೊರೆ ಒಡೆಯುತ್ತದೆ. ಕುಡಿಸುವಾಗ ಗೊಟ್ಟವನ್ನು ಕೆನ್ನೆಯ ಪಕ್ಕದಿಂದ ಇಟ್ಟು, ದನ ನುಂಗಿದಷ್ಟೇ ಮೆಲ್ಲಗೆ ಹೊಯ್ಯಿರಿ. ತಲೆ ಆಕಾಶಕ್ಕೆ ಎತ್ತಿ, ನಾಲಿಗೆ ಎಳೆದು ಹಿಡಿದು ಹೊಯ್ದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಉಬ್ಬರದಿಂದ ಪಾರಾದ ದನ ಮೂರನೆಯ ದಿನ ಕೆಮ್ಮಿ ಸಾಯುವುದು ಹೀಗೆ.

ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳದ ಪೈರು, ಕೊಯ್ದ ಜೋಳದ ಕೂಳೆಯಲ್ಲಿ ಒಡೆದ ಚಿಗುರು, ಇವುಗಳ ಮಾತು ಇನ್ನೂ ಭಯದ್ದು. ಅವುಗಳಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಬೇಲಿ ಹಾರಿ ಮೇದ ದನ ನಿಂತ ಜಾಗದಲ್ಲೇ ಉಸಿರು ಸಿಕ್ಕಿ ಬೀಳುತ್ತದೆ. ತಕ್ಷಣ ಚುಚ್ಚುಮದ್ದು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಹೂವು ಬಿಟ್ಟ ಮೇಲೆ ಕೊಯ್ದು ಹಾಕಿದರೆ ಆ ಹೆದರಿಕೆ ಬಹುಮಟ್ಟಿಗೆ ಇರುವುದಿಲ್ಲ.

ಈಚೆಗೆ ನನ್ನ ತಲೆ ತಿನ್ನುತ್ತಿರುವುದು ಹುಲ್ಲಿನ ಜೊತೆ ಬರುವ ದಾರ. ಮೊದಲು ಬಣವೆ ಒಟ್ಟುತ್ತಿದ್ದೆವು, ಹೊರೆಯನ್ನು ಹುಲ್ಲಿನ ಹುರಿಯಿಂದಲೇ ಕಟ್ಟುತ್ತಿದ್ದೆವು. ಈಗ ಯಂತ್ರ ಬಂದು ಹುಲ್ಲನ್ನು ಉರುಳೆಯಾಗಿ ಸುತ್ತಿ ಪ್ಲಾಸ್ಟಿಕ್ ದಾರ ಬಿಗಿದು ಹೋಗುತ್ತದೆ. ಕೂಲಿ ಉಳಿಯಿತು, ಒಪ್ಪುತ್ತೇನೆ. ಆದರೆ ದನಕ್ಕೆ ಮೇಲಿನ ಮುಂಬಲ್ಲು ಇಲ್ಲ. ನಾಲಿಗೆಯಿಂದ ಸುತ್ತಿ ಎಳೆದುಕೊಳ್ಳುತ್ತದೆ, ಹೆಚ್ಚು ಅಗಿಯದೆ ನುಂಗುತ್ತದೆ, ಹುಲ್ಲಿನ ಮಧ್ಯೆ ಇರುವುದನ್ನು ಆರಿಸಿ ಉಗುಳುವುದು ಅದಕ್ಕೆ ಬರುವುದಿಲ್ಲ. ನುಂಗಿದ ದಾರ ಹೊಟ್ಟೆಯಲ್ಲಿ ಕರಗದೆ ಸಿಕ್ಕುಗಟ್ಟುತ್ತದೆ. ತಂತಿಯ ಚೂರು, ಮೊಳೆ ಇನ್ನೂ ಕೆಟ್ಟವು. ಎರಡನೆಯ ಹೊಟ್ಟೆಯಲ್ಲಿ ಹೋಗಿ ಕೂರುತ್ತವೆ, ಅದರ ಮುಂದೆ ತೆಳುವಾದ ಪರದೆ, ಪರದೆಯ ಆಚೆಗೇ ಹೃದಯ. ಹೊಟ್ಟೆ ಹಿಂಡಿದಾಗೆಲ್ಲ ಮೊಳೆ ಒಂದಿಷ್ಟು ಮುಂದೆ ಸರಿಯುತ್ತದೆ. ಇಳಿಜಾರು ಇಳಿಯುವಾಗ ನರಳುವ, ಮೊಣಕೈ ಹೊರಗೆ ಚಾಚಿ ನಿಲ್ಲುವ, ಎದೆಯ ಕೆಳಗೆ ನೀರು ತುಂಬಿಕೊಂಡ ದನವನ್ನು ಕಂಡರೆ ಇದರ ಅನುಮಾನ ಬರಬೇಕು. ಪಶ್ಚಿಮದ ದೇಶಗಳಲ್ಲಿ ಬೆರಳುದ್ದದ ಅಯಸ್ಕಾಂತವನ್ನು ದನಕ್ಕೆ ನುಂಗಿಸಿಬಿಡುತ್ತಾರೆ, ಅದು ಜನ್ಮವಿಡೀ ಅಲ್ಲೇ ಕೂತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲೂ ಇದು ಸುಲಭವಾಗಿ ಕೈಗೆ ಸಿಗುವಂತಾಗಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ಉರುಳೆ ಬಿಚ್ಚಿದ ಕೂಡಲೇ ದಾರವನ್ನು ಒಂದೇ ಎಳೆಯಾಗಿ ಎಳೆದು ತೆಗೆದು, ಕೊಟ್ಟಿಗೆಯ ಮೊಳೆಗೆ ಸಿಕ್ಕಿಸಿ, ತುಂಡು ಎಲ್ಲೂ ಉಳಿದಿಲ್ಲ ಅಂತ ನೋಡಿದ ಮೇಲೆಯೇ ಹುಲ್ಲು ಉದುರಿಸಬೇಕು. ನಮ್ಮ ಮನೆಯಲ್ಲಿ ಇದನ್ನು ಮಕ್ಕಳಿಗೂ ಕಲಿಸಿದ್ದೇವೆ.

ಈಗ ಮತ್ತೆ ಜಾತ್ರೆಗೆ ಬರುತ್ತೇನೆ. ಕಾಲುಬಾಯಿ ಲಸಿಕೆ ಹಾಕಿಸಿದ ದನವೇ, ಕಿವಿಯಲ್ಲಿ ಹಳದಿ ಓಲೆ ಇದೆಯೇ ಅಂತ ಎಲ್ಲರೂ ಕೇಳುತ್ತಾರೆ, ಅದರ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ನೀವು ಜೋಡಿ ಕೊಳ್ಳಲು ಹೋದರೆ ಮಧ್ಯಾಹ್ನದ ಬಿಸಿಲಲ್ಲಿ ಹೋಗಬೇಡಿ. ಆ ಹೊತ್ತಿಗೆ ಮೈ ಒರೆಸಿ, ಕೊಂಬಣಸು ಹಾಕಿ, ಉಪ್ಪು ಬೆರೆಸಿದ ಬೂಸಾ ತಿನ್ನಿಸಿ, ಮೇಲೆ ನೀರು ಕುಡಿಸಿ ನಿಲ್ಲಿಸಿರುವುದುಂಟು. ಹೊಟ್ಟೆ ತುಂಬಿದ್ದು ಮೇವಿನಿಂದಲೋ ನೀರಿನಿಂದಲೋ ಗೊತ್ತಾಗುವುದಿಲ್ಲ. ಹಿಂದಿನ ರಾತ್ರಿಯೇ ಹೋಗಿ ಜಾತ್ರೆ ಮಾಳದಲ್ಲಿ ಉಳಿಯಿರಿ. ಊಟವಾಗಿ ಗದ್ದಲ ಅಡಗಿದ ಮೇಲೆ ಸಾಲಿನಲ್ಲಿ ಒಂದು ಸುತ್ತು ನಡೆಯಿರಿ. ಒಳ್ಳೆ ಹೊಟ್ಟೆಯ ಹೋರಿ ಎದೆಯ ಮೇಲೆ ಮಲಗಿ, ಕಣ್ಣು ಅರೆ ಮುಚ್ಚಿ, ಒಂದೇ ಲಯದಲ್ಲಿ ಮೆಲುಕಾಡಿಸುತ್ತಿರುತ್ತದೆ. ಹೊಸ ಜಾಗ, ಜನ, ಲಾರಿಯ ಪ್ರಯಾಣ ಇಷ್ಟಾದ ಮೇಲೂ ಅದು ಮೆಲುಕು ಬಿಟ್ಟಿಲ್ಲ ಅಂದರೆ ನನ್ನ ಮಟ್ಟಿಗೆ ಅದು ಸುಳಿಗಿಂತ ದೊಡ್ಡ ಗುರುತು. ಬೆಳಗ್ಗೆ ಸಗಣಿ ನೋಡಿ. ಬಿದ್ದಲ್ಲಿ ಸುತ್ತುಸುತ್ತಾಗಿ ಕೂತು ನಡುವೆ ಒಂದಿಷ್ಟು ತಗ್ಗಾಗಿರಬೇಕು. ಕಾಲಿನಿಂದ ಸರಿಸಿದರೆ ಇಡೀ ಕಾಳು, ಬೆರಳುದ್ದದ ಹುಲ್ಲಿನ ನಾರು ಕಾಣಬಾರದು.

ಬೆಲೆ ಕುದುರಿದ ಮೇಲೆ ಮಾರುವವರನ್ನು ಇನ್ನೊಂದು ಮಾತು ಕೇಳಿ. "ಯಜಮಾನ್ರೆ, ಇದಕ್ಕೆ ಮನೇಲಿ ಏನು ಹಾಕ್ತಿದ್ರಿ, ಎಷ್ಟು ಹಾಕ್ತಿದ್ರಿ?" ಹೆಸರು, ತವರು, ತಾಯಿಯ ಹಾಲು ಎಲ್ಲ ಹೇಳುವವರು ಇದನ್ನೂ ಖುಷಿಯಿಂದಲೇ ಹೇಳುತ್ತಾರೆ. ನಾನು ಅಷ್ಟಕ್ಕೇ ಬಿಡುವುದಿಲ್ಲ, ಅವರು ಜಾತ್ರೆಗೆ ತಂದ ಹುಲ್ಲಿನಲ್ಲಿ ಒಂದೆರಡು ಹೊರೆ ಕೇಳಿ ಗಾಡಿಗೆ ಹಾಕಿಸಿಕೊಳ್ಳುತ್ತೇನೆ. ನಮ್ಮ ಹುಲ್ಲಿನ ಜೊತೆ ಅದನ್ನು ಬೆರೆಸಿ, ದಿನದಿನಕ್ಕೆ ಅವರದು ಇಳಿಸಿ ನಮ್ಮದು ಏರಿಸಿ, ಎರಡು ವಾರ ಕಳೆದ ಮೇಲಷ್ಟೇ ಹಿಂಡಿ, ಹುರುಳಿಯ ಮಾತು. ಹುಲ್ಲಿಗೆ ದುಡ್ಡು ಕೊಡುತ್ತೇನೆ ಅಂದರೆ ಇಲ್ಲಿಯವರೆಗೆ ಯಾರೂ ಮುಟ್ಟಿಲ್ಲ. ಒಬ್ಬರಂತೂ ನಾನು ಕೇಳಿದ್ದು ಎರಡು ಹೊರೆ, ನಾಲ್ಕು ಹೊರೆ ತಾವೇ ಹೊತ್ತು ತಂದು ಗಾಡಿಗೆ ಹಾಕಿ, ಹೋರಿಯ ಕತ್ತು ಸವರಿ, ತಮ್ಮ ಫೋನ್ ನಂಬರು ಬರೆಸಿ, ತಿನ್ನದಿದ್ದರೆ ಯಾವ ಹೊತ್ತಾದರೂ ಫೋನು ಮಾಡಿ ಅಂದರು.